ಮಿನಿಗೆ ಬೇರೆ ಎಂಜಿನ್: 848 ಇಳಿಯಿತು, 998 ಏರಿತು

ಹಳೆಯ ಮಿನಿ ಕಾರಿನ ಎಂಜಿನ್ ಬದಲಿಸುತ್ತೇನೆ ಎಂದು ಯಾರಾದರೂ ಹೇಳಿದರೆ ನಾನು ಎಂಜಿನ್ ಬಗ್ಗೆ ವಿಚಾರಿಸುವುದಿಲ್ಲ. ಗೇರ್‌ಬಾಕ್ಸ್ ಯಾವುದು ಎಂದು ಕೇಳುತ್ತೇನೆ. ಬೇರೆ ಕಾರುಗಳಲ್ಲಿ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಬಿಡಿಸಿ ಎತ್ತಿದರೆ ಮುಗಿಯಿತು. ಮಿನಿಯಲ್ಲಿ ಮಡಕೆಯ ಮೇಲೆ ಮಡಕೆ ಕೂರಿಸಿದ ಹಾಗೆ ಗೇರ್‌ಬಾಕ್ಸಿನ ಮೇಲೆ ಎಂಜಿನ್ ಕೂತಿದೆ. ಎರಡಕ್ಕೂ ಒಂದೇ ಎಣ್ಣೆ. ಎತ್ತುವಾಗ ಎರಡೂ ಒಟ್ಟಿಗೇ ಮೇಲೆ ಬರುತ್ತವೆ, ನಿಜವಾದ ಕೆಲಸ ಆಮೇಲೆ ಶುರುವಾಗುತ್ತದೆ.

ನನ್ನದು 1966ರ ಕಾರು. ಒಳಗಿದ್ದದ್ದು ಮೂಲದ 848 ಸಿಸಿ ಎಂಜಿನ್. ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದರೆ ಹಿಂದೆ ನೀಲಿ ಹೊಗೆಯ ಮೋಡ. ಪ್ರತಿ ವಾರ ಎಣ್ಣೆ ಸುರಿಯುವುದು ಪೆಟ್ರೋಲ್ ಹಾಕಿಸಿದಷ್ಟೇ ಸಹಜವಾಗಿತ್ತು. ಕಂಪ್ರೆಷನ್ ಅಳೆದಾಗ ಮೂರು ಸಿಲಿಂಡರುಗಳು 140ರ ಆಸುಪಾಸಿನಲ್ಲಿದ್ದವು, ಮೂರನೆಯದು ಮಾತ್ರ 90 ಪಿಎಸ್ಐ. ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದರೆ ಅಂಕಿ ಜಿಗಿಯಿತು. ಎಣ್ಣೆ ಬಿಟ್ಟಾಗ ಏರಿತೆಂದರೆ ಸೋರಿಕೆ ವಾಲ್ವಿನಲ್ಲಲ್ಲ, ಪಿಸ್ಟನ್ ರಿಂಗು ಮತ್ತು ಬೋರಿನಲ್ಲಿ, ಅಂದರೆ ಸಿಲಿಂಡರಿನ ಒಳಗೋಡೆಯಲ್ಲಿದೆ. ಹೆಡ್ ಬಿಚ್ಚಿ ನೋಡಿದರೆ ಪಿಸ್ಟನ್ ತಲೆಯ ಮೇಲೆ +060 ಎಂಬ ಮುದ್ರೆ. ಅಂದರೆ ಹಿಂದಿನ ಯಾರೋ ಆಗಲೇ ಒಂದೂವರೆ ಮಿಲಿಮೀಟರ್ ಕೊರೆಸಿಬಿಟ್ಟಿದ್ದಾರೆ. ಇನ್ನು ಕೊರೆಯಲು ಲೋಹ ಉಳಿದಿರಲಿಲ್ಲ. ಸಿಲಿಂಡರಿನೊಳಗೆ ಲೋಹದ ಸ್ಲೀವ್ ತೂರಿಸಿ ಉಳಿಸಬಹುದಿತ್ತು, ಆದರೆ ಪಿಸ್ಟನ್ನುಗಳು ತಿರುಗಿಸುವ ದಂಡ, ಕ್ರ್ಯಾಂಕ್ ಕೂಡ ಸವೆದಿತ್ತು. ಆ ಬ್ಲಾಕನ್ನು ಎಣ್ಣೆ ಸವರಿ, ಬಟ್ಟೆ ಸುತ್ತಿ ಎತ್ತಿಟ್ಟಿದ್ದೇನೆ. ಕಾರಿನ ಜೊತೆಗೇ ಹುಟ್ಟಿದ ಸಂಖ್ಯೆ ಅದರ ಮೇಲಿದೆ. ಮುಂದೆ ಕೊಳ್ಳುವವನು ಕೇಳುವ ಮೊದಲ ವಸ್ತು ಅದೇ ಆಗಿರುತ್ತದೆ.

ಯಾವ ಎಂಜಿನ್ ಹಾಕಬೇಕು ಎಂಬುದಕ್ಕೆ ಎಲ್ಲರ ಬಳಿಯೂ ಸಲಹೆ ಸಿದ್ಧವಿತ್ತು. ಲೇತ್ ಇಟ್ಟುಕೊಂಡಿರುವ ನನ್ನ ಗೆಳೆಯ 1275 ಸಿಸಿ ಎಂಜಿನ್ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಇನ್ನೊಬ್ಬರು ಎಂಜಿನ್ ಮತ್ತು ಮುಂದಿನ ಚಕ್ರಗಳನ್ನು ಹೊರುವ ಮುಂಭಾಗದ ಸಬ್‌ಫ್ರೇಮ್ ಕತ್ತರಿಸಿ ಹೋಂಡಾ ಎಂಜಿನ್ ಕೂರಿಸುವ ಚಿತ್ರಗಳನ್ನು ಕಳುಹಿಸಿದರು. ಅದನ್ನು ಮಾಡುವವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಕಾರಿನ ಬಗ್ಗೆ ಮಾತ್ರ ಕನಿಕರ. ನನ್ನ ಕಾರಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್, ಹತ್ತು ಇಂಚಿನ ಚಕ್ರ. 1964ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಪ್ಯಾಡಿ ಹಾಪ್‌ಕರ್ಕ್ ಅವರ ಮಿನಿ ಕೂಪರ್ ಎಸ್‌ನಲ್ಲಿ 1071 ಸಿಸಿ ಎಂಜಿನ್ ಇತ್ತು ಎಂದು ನೆನಪಿಸುವವರು ಅದರ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇತ್ತು ಎಂಬುದನ್ನು ಹೇಳುವುದಿಲ್ಲ.

ನಾನು ಆರಿಸಿದ್ದು 998. ಕಾಗದದ ಮೇಲೆ ಇದು ಸಪ್ಪೆ ಆಯ್ಕೆ: 34 ಅಶ್ವಶಕ್ತಿ ಹೋಗಿ 38 ಬರುತ್ತದೆ, ಅಷ್ಟೆ. ಆದರೆ ಬೋರ್ (ಸಿಲಿಂಡರಿನ ವ್ಯಾಸ) 62.9ರಿಂದ 64.58 ಮಿಲಿಮೀಟರಿಗೆ ಏರಿದರೆ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 68.26ರಿಂದ 76.2ಕ್ಕೆ ಹೋಗುತ್ತದೆ. ಟಾರ್ಕ್ ಸುಮಾರು 60 ನ್ಯೂಟನ್ ಮೀಟರಿನಿಂದ 70ಕ್ಕೆ ಬರುತ್ತದೆ, ಅದೂ 2,700 ಸುತ್ತಿನಲ್ಲಿ. ಮಿನಿಯಂಥ ಹಗುರ ಕಾರಿನಲ್ಲಿ ಏರು ಹತ್ತಿಸುವುದು ಈ ಹತ್ತೇ. ಹೊರಗಿನಿಂದ ಎರಡೂ ಬ್ಲಾಕುಗಳು ಒಂದೇ ಅಚ್ಚಿನವು, ಗೇರ್‌ಬಾಕ್ಸಿನ ಬೋಲ್ಟ್ ತೂತುಗಳೂ ಒಂದೇ ಕಡೆ. 1951ರಲ್ಲಿ ಆಸ್ಟಿನ್ ಎ30 ಕಾರಿಗಾಗಿ 803 ಸಿಸಿಯಾಗಿ ಹುಟ್ಟಿದ, ಇವೆರಡೂ ಸೇರಿರುವ ಎ-ಸೀರೀಸ್ ಎಂಜಿನ್ 2000ದವರೆಗೆ ಬಾಳಿದ್ದು ಹೀಗೆ ಒಳಗೇ ಬೆಳೆಯುತ್ತ ಹೋದದ್ದರಿಂದ.

ಗುಜರಿ ಸೇರಿದ್ದ ಎಪ್ಪತ್ತರ ದಶಕದ ಕಾರೊಂದರ ಎಂಜಿನ್ ಸಿಕ್ಕಿತು. ಬ್ಲಾಕಿಗೆ ರಿವೆಟ್ ಮಾಡಿದ ತಗಡಿನ ಮೇಲೆ 99ಎಚ್ ಎಂದು ಆರಂಭವಾಗುವ ಸಂಖ್ಯೆ. 85ಎಚ್ ಎಂದಿದ್ದರೆ 848, 99ಎಚ್ ಎಂದರೆ 998, 12ಎಚ್ ಎಂದರೆ 1275 ಎಂಬುದು ಸ್ಥೂಲ ಲೆಕ್ಕ. ಆದರೆ ಎರಡು ರಿವೆಟ್ ಕಿತ್ತರೆ ತಗಡು ಮನೆ ಬದಲಿಸುತ್ತದೆ. ಬೋರ್ ಅಳೆದರೂ ಸಾಲದು, ಏಕೆಂದರೆ 1098 ಸಿಸಿ ಎಂಜಿನ್ನಿನ ಬೋರ್ ಕೂಡ ಅದೇ 64.58. ವ್ಯತ್ಯಾಸವಿರುವುದು ಸ್ಟ್ರೋಕಿನಲ್ಲಿ, ಅಲ್ಲಿ 83.72. ಹೆಡ್ ತೆಗೆಸಿ, ಡೆಪ್ತ್ ಗೇಜನ್ನು ಪಿಸ್ಟನ್ ಮೇಲೆ ಇಟ್ಟು, ಮೇಲಿನ ಕೊನೆಯಿಂದ ಕೆಳಗಿನ ಕೊನೆಯವರೆಗೆ ತಿರುಗಿಸಿ ಅಳೆದೆ. ಮಾರುವವರು ಸ್ವಲ್ಪ ಮುಖ ಸಿಂಡರಿಸಿದರು. ಸಿಂಡರಿಸಲಿ.

ಬೋರುಗಳು ನೇರವಾಗಿದ್ದವು, ಒಂದು ಸಾಣೆ ಸಾಕಾಯಿತು. ಕ್ರ್ಯಾಂಕ್ ಜರ್ನಲ್‌ಗಳನ್ನು ಹತ್ತು ಥೌ (ಇಂಚಿನ ಸಾವಿರದ ಹತ್ತು ಭಾಗ) ಉಜ್ಜಿಸಿ, ಅದಕ್ಕೆ ತಕ್ಕ ಹೊಸ ಶೆಲ್ ಬೇರಿಂಗ್ ಹಾಕಿದೆ. ಹೊಸ ರಿಂಗ್, ಹೊಸ ಕ್ಯಾಮ್‌ಶಾಫ್ಟ್, ಹೊಸ ಫಾಲೋವರ್ (ವಾಲ್ವ್ ತೆರೆಯಲು ಕ್ಯಾಮ್ ತಳ್ಳುವ ತುಂಡು), ಹೊಸ ಆಯಿಲ್ ಪಂಪ್, ಹೊಸ ಟೈಮಿಂಗ್ ಚೈನ್. ಹಳೆಯ ಕ್ಯಾಮ್ ಮೇಲೆ ಹೊಸ ಫಾಲೋವರ್ ಅಥವಾ ಹೊಸ ಕ್ಯಾಮ್ ಮೇಲೆ ಹಳೆಯ ಫಾಲೋವರ್ ಹಾಕುವವರನ್ನು ನಾನು ಕಂಡಿದ್ದೇನೆ. ಅವರು ಅದೇ ಕೆಲಸವನ್ನು ಮತ್ತೊಮ್ಮೆ ಮಾಡುವುದನ್ನೂ ಕಂಡಿದ್ದೇನೆ. ಬ್ಲಾಕಿನ ನೀರಿನ ಕೋರ್ ಪ್ಲಗ್‌ಗಳನ್ನು ತೆಗೆದು ಹಿತ್ತಾಳೆಯವನ್ನು ಬಡಿದೆ. ಎಂಜಿನ್ ಮೇಜಿನ ಮೇಲಿರುವಾಗ ಅದು ಕಾಲು ಗಂಟೆಯ ಕೆಲಸ, ಕಾರಿನೊಳಗಿರುವಾಗ ಒಂದು ದಿನದ ಶಾಪ.

ಇನ್ನು ಹಳೆಯ ಎಂಜಿನ್ ತೆಗೆಯುವ ಕೆಲಸ. ಮಿನಿಯ ಎಂಜಿನ್ನನ್ನು ಎರಡು ಬಗೆಯಲ್ಲಿ ತೆಗೆಯಬಹುದು: ಸಬ್‌ಫ್ರೇಮ್ ಸಮೇತ ಕೆಳಕ್ಕೆ, ಇಲ್ಲವೇ ಕ್ರೇನಿನಿಂದ ಮೇಲಕ್ಕೆ. ನನ್ನದು ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರೊಲಾಸ್ಟಿಕ್ ಸಸ್ಪೆನ್ಷನ್ ಇರುವ ಕಾರು. ಸಬ್‌ಫ್ರೇಮ್ ಇಳಿಸಬೇಕೆಂದರೆ ಅದರ ದ್ರವವನ್ನು ಹೊರಗೆ ಬಿಡಬೇಕು, ಬ್ರೇಕ್ ಕೊಳವೆ ಬಿಚ್ಚಬೇಕು, ಆಮೇಲೆ ಪಂಪ್ ಹುಡುಕಿ ಮತ್ತೆ ಒತ್ತಡ ತುಂಬಬೇಕು. ಹಾಗಾಗಿ ಮೇಲಕ್ಕೆ. ಬಾನೆಟ್, ರೇಡಿಯೇಟರ್, ಕಾರ್ಬ್ಯುರೇಟರ್, ಹೀಟರ್ ಕೇಬಲ್, ತಂತಿಗಳು, ಇವೆಲ್ಲ ಯಾರು ಬೇಕಾದರೂ ಬಿಚ್ಚುವಂಥವು. ಕ್ಲಚ್ಚಿನ ಸ್ಲೇವ್ ಸಿಲಿಂಡರನ್ನು ಕೊಳವೆ ಬಿಚ್ಚದೆ ಪಕ್ಕಕ್ಕೆ ಕಟ್ಟಿಟ್ಟರೆ ಗಾಳಿ ತೆಗೆಯುವ ಕೆಲಸ ತಪ್ಪುತ್ತದೆ. ಹಳೆಯ ಉದ್ದ ಗೇರ್ ಕಡ್ಡಿ ನೇರವಾಗಿ ಗೇರ್‌ಬಾಕ್ಸಿಗೆ ಇಳಿಯುವುದರಿಂದ ಅದನ್ನು ಮೊದಲೇ ಬಿಡಿಸಿ ಕಾರಿನ ಒಳಕ್ಕೆ ಎಳೆದುಕೊಳ್ಳಬೇಕು. ಅದರ ಸದ್ದಡಗಿಸುವ ಪುಟ್ಟ ಸ್ಪ್ರಿಂಗು ಮತ್ತು ಪ್ಲಂಜರ್ ಹಾರಿಹೋಗದಂತೆ ಹಿಡಿಯಬೇಕು. ಡ್ರೈವ್ ಶಾಫ್ಟುಗಳ ರಬ್ಬರ್ ಕಪ್ಲಿಂಗಿನ ಯು-ಬೋಲ್ಟ್ ಬಿಚ್ಚಿದಾಗ ರಬ್ಬರ್ ಊದಿಕೊಂಡಿರುವುದು ಕಂಡಿತು. ಐವತ್ತು ವರ್ಷ ಎಣ್ಣೆ ತೊಟ್ಟಿಕ್ಕಿದ ರಬ್ಬರ್ ಇನ್ನೇನಾಗುತ್ತದೆ? ಅವನ್ನೂ ಹೊಸದು ಹಾಕುವ ಪಟ್ಟಿಗೆ ಸೇರಿಸಿದೆ.

ಸ್ಪೀಡೋಮೀಟರ್ ಕೇಬಲ್ ಮಾತ್ರ ವಿಚಿತ್ರ. ಎಂಜಿನ್ ತನ್ನ ಜಾಗದಲ್ಲಿದ್ದಾಗ ಅದರ ನಟ್‌ಗೆ ಕೈ ತಲುಪುವುದಿಲ್ಲ, ಪೂರ್ತಿ ಎತ್ತಿದರೆ ಕೇಬಲ್ ಹರಿಯುತ್ತದೆ. ಸ್ವಲ್ಪ ಎತ್ತಿ, ಹಿಂದಿನ ಗೋಡೆ ಮತ್ತು ಎಂಜಿನ್ ನಡುವೆ ಕೈ ತೂರಿಸಿ, ಕಣ್ಣಿಗೆ ಕಾಣದ ನಟ್ಟನ್ನು ಬೆರಳಿನಿಂದಲೇ ತಿರುಗಿಸಬೇಕು. ಸುಮಾರು 150 ಕಿಲೋ ತೂಗುವ ವಸ್ತು ಸರಪಳಿಯಲ್ಲಿ ನೇತಾಡುತ್ತಿರುವಾಗ ಅಲ್ಲಿ ಕೈ ಹಾಕುವುದು ನನಗೆ ಇಷ್ಟವಾಗಲಿಲ್ಲ. ಕೆಳಗೆ ಮರದ ದಿಮ್ಮಿ ಕೊಟ್ಟು ಭಾರ ಇಳಿಸಿಯೇ ಆ ಕೆಲಸ ಮಾಡಿದೆ.

ಮೇಜಿನ ಮೇಲೆ ಬಂದ ನಂತರ ಫ್ಲೈವೀಲ್. ಇದು ಕ್ರ್ಯಾಂಕಿನ ಇಳಿಜಾರು ತುದಿಯ ಮೇಲೆ ಒಂದೇ ದೊಡ್ಡ ಬೋಲ್ಟಿನಿಂದ ಬಿಗಿದುಕೊಂಡಿರುತ್ತದೆ, ದಶಕಗಳಾದ ಮೇಲೆ ಎರಡೂ ಒಂದೇ ಲೋಹವಾದಂತೆ ಕಚ್ಚಿಕೊಂಡಿರುತ್ತವೆ. ಎಳೆದು ಬಿಡಿಸುವ ಪುಲ್ಲರ್ ಹಾಕುವ ಮುಂಚೆ ಮಾಡಬೇಕಾದ ಒಂದು ಕೆಲಸವಿದೆ. ಒಂದು ಮತ್ತು ನಾಲ್ಕನೆಯ ಪಿಸ್ಟನ್ ಮೇಲಿನ ಕೊನೆಗೆ ಬರುವಂತೆ ಕ್ರ್ಯಾಂಕ್ ತಿರುಗಿಸಿ, ಅದರ ತುದಿಯ ಸೀಳನ್ನು ಅಡ್ಡಕ್ಕೆ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಒಳಗೆ ಪ್ರೈಮರಿ ಗೇರನ್ನು ಹಿಡಿದಿರುವ ಸಿ ಆಕಾರದ ವಾಷರ್ ಕಳಚಿ ಬಿದ್ದು ಫ್ಲೈವೀಲಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಯಾವ ಪುಲ್ಲರ್ ಕೂಡ ಸಹಾಯಕ್ಕೆ ಬಾರದು. ನಡುವಿನ ಬೋಲ್ಟನ್ನು ಪೂರ್ತಿ ತೆಗೆಯದೆ ಕೆಲವು ಎಳೆ ಬಿಟ್ಟಿರಬೇಕು. ಬಿಡುವ ಕ್ಷಣದಲ್ಲಿ ಫ್ಲೈವೀಲ್ ಢಮ್ಮೆಂದು ಹಾರುತ್ತದೆ, ಆ ಬೋಲ್ಟ್ ಇಲ್ಲದಿದ್ದರೆ ನೇರ ನಮ್ಮ ಎದೆಗೆ. ಪುಲ್ಲರನ್ನು ಗರಿಷ್ಠ ಬಿಗಿದು, ಅದರ ತಲೆಗೆ ಸುತ್ತಿಗೆಯಿಂದ ಒಂದೇಟು ಹಾಕಿದಾಗ ಬಂತು ಆ ಸದ್ದು. ಗೆಳೆಯ ಎರಡು ಹೆಜ್ಜೆ ಹಿಂದೆ ಹಾರಿದ. ಬೋಲ್ಟ್ ತನ್ನ ಕೆಲಸ ಮಾಡಿತು.

ಈಗ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಮೂರು ಗೇರುಗಳು. ಮೇಲೆ ಕ್ರ್ಯಾಂಕಿನ ಮೇಲಿರುವ ಪ್ರೈಮರಿ, ಕೆಳಗೆ ಗೇರ್‌ಬಾಕ್ಸಿನೊಳಕ್ಕೆ ಹೋಗುವ ಇನ್‌ಪುಟ್, ನಡುವೆ ಐಡ್ಲರ್. ಈ ನಡುವಿನ ಗೇರ್ ಅಲ್ಲಿರುವುದಕ್ಕೆ ಒಂದು ಕಥೆಯಿದೆ. ಮಿನಿಯ ವಿನ್ಯಾಸಕ ಅಲೆಕ್ ಇಸಿಗೊನಿಸ್ ಮೊದಲ ಮಾದರಿಗಳಲ್ಲಿ ಕಾರ್ಬ್ಯುರೇಟರ್ ಮುಂದೆ ಬರುವಂತೆ ಎಂಜಿನ್ ಕೂರಿಸಿದ್ದರು. ಚಳಿಯಲ್ಲಿ ಅದು ಮಂಜುಗಟ್ಟಿತು. ಇಡೀ ಎಂಜಿನ್ನನ್ನು ಅರ್ಧ ಸುತ್ತು ತಿರುಗಿಸಿದರು. ಆಗ ಕ್ರ್ಯಾಂಕ್ ತಿರುಗುವ ದಿಕ್ಕೂ ತಿರುವುಮುರುವಾಯಿತು. ಸರಿಪಡಿಸಲು ನಡುವೆ ಮತ್ತೊಂದು ಗೇರ್ ಬಂತು. 1959ರ ಆಗಸ್ಟ್ 26ರಂದು ಕಾರು ಜನರ ಮುಂದೆ ಬಂದಾಗ ಕಾರ್ಬ್ಯುರೇಟರ್ ಬೆಚ್ಚಗೆ ಹಿಂದಿತ್ತು, ಡಿಸ್ಟ್ರಿಬ್ಯೂಟರ್ ಮಾತ್ರ ಗ್ರಿಲ್ಲಿನ ಹಿಂದೆಯೇ ಮಳೆಗೆ ಮುಖ ಒಡ್ಡಿ ನಿಂತಿತ್ತು. ಮಿನಿ ಮಾಲೀಕರು ಮಳೆಯಲ್ಲಿ ನಿಂತು ಡಿಸ್ಟ್ರಿಬ್ಯೂಟರ್ ಮುಚ್ಚಳ ಒರೆಸುವ ಪರಂಪರೆಯ ಮೂಲ ಇದು. ಇನ್ನೊಂದು ಪರಿಣಾಮ ಎಂದರೆ, ಎಂಜಿನ್ ಬದಲಿಸುವ ಪ್ರತಿಯೊಬ್ಬನೂ ಆ ಐಡ್ಲರ್ ಗೇರಿನ ಅಕ್ಕಪಕ್ಕದ ಸಡಿಲವನ್ನು ಅಳೆಯಬೇಕಾಗಿ ಬಂದದ್ದು.

ಈ ಅಳತೆಯನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಹಳೆಯ ವಾಷರುಗಳನ್ನೇ ಹಾಕಿ ಮುಚ್ಚಿಬಿಡುತ್ತಾರೆ. ಸಡಿಲ ಜಾಸ್ತಿಯಾದರೆ ಗೇರ್ ಅತ್ತಿತ್ತ ಓಡಾಡಿ ಗೊರಗೊರ ಸದ್ದು ಮಾಡುತ್ತದೆ. ಕಡಿಮೆಯಾದರೆ ಬಿಸಿಯಾಗಿ ವಾಷರ್ ಕಚ್ಚಿ, ಲೋಹದ ಪುಡಿ ಅದೇ ಎಣ್ಣೆಯಲ್ಲಿ ಎಂಜಿನ್ನಿನ ಬೇರಿಂಗುಗಳಿಗೂ ಹೋಗುತ್ತದೆ. ಎಣ್ಣೆ ಒಂದೇ ಎಂಬುದರ ಬೆಲೆ ಅಲ್ಲಿ ತೆರಬೇಕಾಗುತ್ತದೆ. ನಾನು ಮಾಡಿದ್ದು ಹಳಬರ ವಿಧಾನ. ಗೇರಿನ ವಾಷರ್ ಮತ್ತು ಕೇಸಿನ ನಡುವೆ ಮೆದುವಾದ ಬೆಸುಗೆ ತಂತಿಯ ತುಣುಕುಗಳನ್ನಿಟ್ಟು, ಗ್ಯಾಸ್ಕೆಟ್ ಸಮೇತ ಕೇಸನ್ನು ಪೂರ್ತಿ ಬಿಗಿದು, ಮತ್ತೆ ಬಿಚ್ಚಿ, ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರಿನಲ್ಲಿ ಅಳೆಯುವುದು. ಆ ದಪ್ಪವೇ ಸಡಿಲ. ವಾಷರುಗಳು ಬೇರೆ ಬೇರೆ ದಪ್ಪದಲ್ಲಿ ಸಿಗುತ್ತವೆ, ಬೇಕಾದದ್ದನ್ನು ಆರಿಸಿ 0.12 ಮಿಲಿಮೀಟರಿಗೆ ತಂದೆ. ಪ್ರೈಮರಿ ಗೇರಿಗೆ ಅಷ್ಟು ತಾಪತ್ರಯವಿಲ್ಲ, ಫೀಲರ್ ಗೇಜ್ ನೇರವಾಗಿ ತೂರುತ್ತದೆ, 0.09ರಿಂದ 0.16ರೊಳಗಿದ್ದರೆ ಸರಿ. ಗೇರ್‌ಬಾಕ್ಸ್ ನನ್ನ ಹಳೆಯದೇ ಉಳಿಯಿತು, ಏಕೆಂದರೆ ಎಪ್ಪತ್ತರ ದಶಕದ ನಡುವಿನವುಗಳ ಗೇರ್ ಕಡ್ಡಿಯ ಜೋಡಣೆ ಬೇರೆ. ಅದನ್ನು ಹಾಕಿದ್ದರೆ ಕಾರಿನ ನೆಲದಲ್ಲಿ ಹೊಸ ತೂತು ಕತ್ತರಿಸಬೇಕಾಗಿತ್ತು. ಮತ್ತೊಂದು ಎಚ್ಚರ: 1980ರ ನಂತರದ ಎ-ಪ್ಲಸ್ (ಎ-ಸೀರೀಸಿನ ಸುಧಾರಿತ ರೂಪ) ಎಂಜಿನ್ ಸಿಕ್ಕಿದವರು ಈ ಮೂರು ಗೇರುಗಳನ್ನು ಹಳೆಯದರೊಂದಿಗೆ ಬೆರೆಸಬಾರದು. ಹಲ್ಲುಗಳ ಆಕಾರ ಬೇರೆ. ಮೂರನ್ನೂ ಒಂದೇ ಗುಂಪಾಗಿ ಇಡಬೇಕು.

ಎರಡನ್ನೂ ಜೋಡಿಸುವಾಗ ಎಣ್ಣೆ ಹೋಗುವ ದಾರಿಯ ಪುಟ್ಟ ಓ-ರಿಂಗ್ ಮತ್ತು ಮುಂದಿನ ಮೇನ್ ಬೇರಿಂಗ್ ಟೋಪಿಯ ಕೆಳಗಿನ ಅರ್ಧಚಂದ್ರಾಕಾರದ ಕಾರ್ಕ್ ಸೀಲ್, ಇವೆರಡನ್ನು ನಾನು ಮೂರು ಸಲ ಕಣ್ಣಿಟ್ಟು ನೋಡುತ್ತೇನೆ. ಮೊದಲನೆಯದು ಇಲ್ಲವಾದರೆ ಪಂಪ್ ಎಣ್ಣೆಯ ಬದಲು ಗಾಳಿ ಹೀರುತ್ತದೆ. ಎರಡನೆಯದು ಜಾರಿದರೆ ನೆಲದ ಮೇಲೆ ಎಣ್ಣೆಯ ವೃತ್ತ. ಪ್ರೈಮರಿ ಗೇರಿನ ಆಯಿಲ್ ಸೀಲನ್ನು ಹಲ್ಲುಗಳ ಮೇಲೆ ನೇರವಾಗಿ ತಳ್ಳಿದರೆ ಅದರ ತುಟಿ ಹರಿದು ಎಣ್ಣೆ ಕ್ಲಚ್ಚಿಗೆ ಹೋಗುತ್ತದೆ. ಹಲ್ಲುಗಳಿಗೆ ತೆಳುವಾದ ತಗಡು ಸುತ್ತಿಯೇ ತಳ್ಳಬೇಕು. ಫ್ಲೈವೀಲಿನ ಇಳಿಜಾರನ್ನು ಎಣ್ಣೆಯ ಪಸೆಯೂ ಇರದಂತೆ ಒರೆಸಿ, ಒಣಗಿಸಿ, 150 ನ್ಯೂಟನ್ ಮೀಟರಿಗೆ ಬಿಗಿದೆ.

ಎಂಜಿನ್ ಸುತ್ತಲಿನ ಚಿಲ್ಲರೆ ಹೊಂದಾಣಿಕೆಗಳು ಹೆಚ್ಚಿರಲಿಲ್ಲ. ಹೊಸ ಬ್ಲಾಕಿಗೆ ಯಾಂತ್ರಿಕ ಪೆಟ್ರೋಲ್ ಪಂಪ್ ಇತ್ತು. ನನ್ನ ಕಾರಿಗೆ ಹಿಂದಿನ ಸಬ್‌ಫ್ರೇಮಿನಲ್ಲಿ ಟಿಕ್ ಟಿಕ್ ಎನ್ನುವ ವಿದ್ಯುತ್ ಪಂಪ್ ಇರುವುದರಿಂದ ಆ ಕಿಂಡಿಯನ್ನು ತಗಡಿನಿಂದ ಮುಚ್ಚಿದೆ. ಡೈನಮೊ, ಸ್ಟಾರ್ಟರ್, ಎಸ್‌ಯು ಕಾರ್ಬ್ಯುರೇಟರ್ ಹಳೆಯವೇ, ಕಾರ್ಬ್ಯುರೇಟರಿನ ಸೂಜಿ ಮಾತ್ರ 998ರದು. ವಾಟರ್ ಪಂಪಿನಿಂದ ಹೆಡ್‌ಗೆ ಹೋಗುವ ಬೈಪಾಸ್ ಹೋಸ್ ಹೆಬ್ಬೆರಳಿಗಿಂತ ಕೊಂಚ ಉದ್ದವಿರಬಹುದು. ಅದನ್ನು ಹೆಡ್ ಕೂರಿಸುವ ಮುಂಚೆಯೇ ಹೊಸದು ಹಾಕಬೇಕು. ನಂತರ ಹಾಕಲು ಹೊರಟವರ ಬೈಗುಳ ಕೇಳಿ ಮಿನಿಯನ್ನು ದ್ವೇಷಿಸಲು ಕಲಿತ ಮಕ್ಕಳಿದ್ದಾರೆ.

ಇಳಿಸುವಾಗ ಕ್ಲಚ್ ಬದಿಯನ್ನು ತುಸು ವಾಲಿಸಿ, ಸ್ಪೀಡೋಮೀಟರ್ ಕೇಬಲ್ ಕಟ್ಟಿ, ನಂತರ ಎರಡು ಮೌಂಟಿಂಗುಗಳ ಮೇಲೆ ಕೂರಿಸಿದೆವು. ಎಂಜಿನ್ನಿನಿಂದ ದೇಹಕ್ಕೆ ಹೋಗುವ ಅರ್ಥ್ ಪಟ್ಟಿಯನ್ನು ನಾನು ಎಲ್ಲಕ್ಕಿಂತ ಮೊದಲು ಹಾಕಿದೆ. ರಬ್ಬರ್ ಮೌಂಟಿಂಗುಗಳ ಮೇಲೆ ಕೂತ ಎಂಜಿನ್ನಿಗೆ ವಿದ್ಯುತ್ತಿನ ದಾರಿ ಅದೊಂದೇ. ಅದಿಲ್ಲದೆ ಸ್ಟಾರ್ಟರ್ ಒತ್ತಿದರೆ ನೂರಾರು ಆಂಪಿಯರ್ ಪ್ರವಾಹ ಚೋಕ್ ಕೇಬಲ್ ಹಿಡಿದು ಹೊರಡುತ್ತದೆ, ಕೇಬಲ್ ಕೆಂಪಗೆ ಕಾಯ್ದು ಹೊದಿಕೆ ಕರಗುತ್ತದೆ. ಕೊನೆಯಲ್ಲಿ ಸ್ಟೆಡಿ ಬಾರ್. ಎಂಜಿನ್ನಿನ ತಲೆ ಹಿಂದಕ್ಕೂ ಮುಂದಕ್ಕೂ ತೂಗದಂತೆ ಹಿಡಿಯುವ ಈ ಸಣ್ಣ ಕಂಬಿಯ ರಬ್ಬರ್ ಬುಷ್‌ಗಳು ಸವೆದರೆ ಕ್ಲಚ್ ಬಿಟ್ಟಾಗಲೆಲ್ಲ ಧಡ್ ಎನ್ನುತ್ತದೆ, ಮತ್ತು ಪ್ರತಿ ಸಲವೂ ಮ್ಯಾನಿಫೋಲ್ಡಿಗೆ ಸೇರುವ ಎಕ್ಸಾಸ್ಟ್ ಕೊಳವೆ ಬಗ್ಗುತ್ತದೆ. ಎಕ್ಸಾಸ್ಟ್ ಮತ್ತೆ ಮತ್ತೆ ಬಿರುಕು ಬಿಡುತ್ತಿದೆ ಎಂದು ಗೋಳಾಡುವವರು ವೆಲ್ಡರನ್ನು ಬಿಟ್ಟು ಆ ಬುಷ್ ನೋಡಲಿ.

ಮೊದಲ ಚಾಲನೆಗೆ ಮುಂಚೆ ಸ್ಪಾರ್ಕ್ ಪ್ಲಗ್ ತೆಗೆದು, ಆಯಿಲ್ ಒತ್ತಡದ ಮುಳ್ಳು ಏಳುವವರೆಗೆ ಸ್ಟಾರ್ಟರಿನಿಂದ ತಿರುಗಿಸಿದೆ. ಪಂಪಿನೊಳಗೆ ಜೋಡಿಸುವಾಗಲೇ ಎಣ್ಣೆ ತುಂಬಿದ್ದರಿಂದ ಹೆಚ್ಚು ಕಾಯಿಸಲಿಲ್ಲ. ವಾಲ್ವ್ ಸಂದು ತಣ್ಣಗಿರುವಾಗ 0.30 ಮಿಲಿಮೀಟರ್. ಎಂಟು ವಾಲ್ವುಗಳ ಈ ಎಂಜಿನ್ನಿಗೆ ಒಂಬತ್ತರ ಲೆಕ್ಕ ಚೆನ್ನಾಗಿ ಒಗ್ಗುತ್ತದೆ: ಎಂಟನೆಯದು ಪೂರ್ತಿ ತೆರೆದಿದ್ದಾಗ ಒಂದನೆಯದನ್ನು ಸರಿಪಡಿಸು, ಆರನೆಯದು ತೆರೆದಾಗ ಮೂರನೆಯದನ್ನು. ಕೂಡಿದರೆ ಒಂಬತ್ತು. ಪ್ಲಗ್ ತಂತಿಗಳು 1-3-4-2ರ ಕ್ರಮದಲ್ಲಿ.

ಹೊತ್ತಿಕೊಂಡ ತಕ್ಷಣ ಕಾಲು ತೆಗೆದು ಐಡಲ್‌ನಲ್ಲಿ ಬಿಟ್ಟು ಆನಂದಿಸುವ ಆಸೆ ಎಲ್ಲರಿಗೂ ಇರುತ್ತದೆ. ಹೊಸ ಕ್ಯಾಮ್ ಇದ್ದರೆ ಅದು ಸಲ್ಲದು. ಕ್ಯಾಮಿನ ಉಬ್ಬುಗಳಿಗೆ ಎಣ್ಣೆ ಸಿಗುವುದು ಬಹುಪಾಲು ಕ್ರ್ಯಾಂಕ್ ಎರಚುವುದರಿಂದ. ನಿಧಾನ ಸುತ್ತಿನಲ್ಲಿ ಅದು ಸಾಲದು. ಹಾಗಾಗಿ ಇಪ್ಪತ್ತು ನಿಮಿಷ 2,000ಕ್ಕಿಂತ ಮೇಲೆಯೇ ಇಟ್ಟೆ, ಸುತ್ತನ್ನು ಆಗಾಗ ಏರಿಸುತ್ತ ಇಳಿಸುತ್ತ. ಹೊಸ ಬಣ್ಣ ಸುಟ್ಟು ಹೊಗೆ ಬಂತು. ಗೆಳೆಯ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿದ್ದ, ಅವನಿಗೆ ಇಪ್ಪತ್ತು ನಿಮಿಷವೂ ಕೆಲಸ ಸಿಗಲಿಲ್ಲ. ಎಂಜಿನ್ ಬಿಸಿಯಾದ ಮೇಲೂ ಎಣ್ಣೆಯ ಒತ್ತಡ 60 ಪಿಎಸ್ಐ, ಐಡಲ್‌ನಲ್ಲಿ 20ರ ಮೇಲೆ. ಹಾಕಿದ್ದು ಗೇರಿಗೂ ಬೇಕಾದ ಹಳೆಯ ಬಗೆಯ 20ಡಬ್ಲ್ಯೂ-50 ಖನಿಜ ತೈಲ, ಫಿಲ್ಟರ್ ಸೇರಿ ಐದು ಲೀಟರಿಗೆ ಸ್ವಲ್ಪ ಕಡಿಮೆ. ಮೊದಲ ಕೆಲವು ನೂರು ಕಿಲೋಮೀಟರಿನ ನಂತರ ಅದನ್ನು ಬಿಸಾಡಿ, ಹೆಡ್ ನಟ್‌ಗಳನ್ನು ಮತ್ತೆ ಬಿಗಿದು, ವಾಲ್ವ್ ಸಂದು ಮತ್ತೆ ನೋಡಿದೆ. ತಳದ ಆಯಸ್ಕಾಂತದ ಪ್ಲಗ್ ಮೇಲೆ ಬೂದು ಬಣ್ಣದ ನಯವಾದ ಪುಡಿ ಇತ್ತು, ಚೂರುಗಳಿರಲಿಲ್ಲ.

ಕಾಗದಪತ್ರದಲ್ಲಿ ಎಂಜಿನ್ ಸಂಖ್ಯೆ ಬದಲಿಸಿಕೊಂಡೆ. ಇದನ್ನು ಮುಂದೂಡುವವರು ಮಾರುವ ದಿನ ಒದ್ದಾಡುತ್ತಾರೆ.

ಓಡಿಸುವಾಗಿನ ವ್ಯತ್ಯಾಸ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು. ಹಿಂದೆ ಮೂರನೆಯ ಗೇರಿಗೆ ಇಳಿಯುತ್ತಿದ್ದ ಏರುಗಳನ್ನು ಈಗ ನಾಲ್ಕನೆಯದರಲ್ಲೇ ಹತ್ತುತ್ತದೆ. ಬ್ರೇಕುಗಳು ಸಾಕಾಗುತ್ತಿವೆ. ಹಳೆಯ ಗೇರ್‌ಬಾಕ್ಸಿನ ಕೊನೆಯ ಅನುಪಾತ 3.765 ಆಗಿರುವುದರಿಂದ 80 ಕಿಲೋಮೀಟರ್ ವೇಗದಲ್ಲಿ ಎಂಜಿನ್ ಸುಮಾರು 3,400 ಸುತ್ತು ಹೊಡೆಯುತ್ತದೆ, ಒಳಗೆ ಮಾತಾಡಲು ದನಿ ಎತ್ತಬೇಕು. 3.44ರ ಗೇರ್ ಜೋಡಿ ಹಾಕಿಸಿದರೆ ಅದು 3,100ರ ಹತ್ತಿರಕ್ಕೆ ಇಳಿಯುತ್ತದೆ, 998ಕ್ಕೆ ಅದನ್ನು ಎಳೆಯುವ ಶಕ್ತಿಯೂ ಇದೆ. ಗೆಳೆಯ ಈಗಾಗಲೇ ಎಲ್ಲಿಂದಲೋ ಒಂದು ಜೋಡಿ ತಂದು ತನ್ನ ಲೇತಿನ ಪಕ್ಕದಲ್ಲಿಟ್ಟುಕೊಂಡಿದ್ದಾನೆ. ಗೇರ್‌ಬಾಕ್ಸ್ ತೆರೆಯಬೇಕೆಂದರೆ ಎಂಜಿನ್ ಮತ್ತೆ ಎತ್ತಬೇಕು. ಪ್ರೈಮರಿ ಗೇರಿನ ಸೀಲ್ ಸೋರಿ ಕ್ಲಚ್ ಜಾರುವ ದಿನ ಹೇಗೂ ಎತ್ತಲೇಬೇಕಾಗುತ್ತದೆ. ಅಲ್ಲಿಯವರೆಗೆ ಆ ಜೋಡಿ ಅವನ ಬಳಿಯೇ ಇರಲಿ ಎಂದಿದ್ದೇನೆ.